ಮುತ್ತಕ್ಕ ಮೀಸಿದ ಕಾಲು

ನನ್ನ ಮಗಳು ಸಾನ್ವಿ ಹುಟ್ಟುವಾಗಲೇ ಅವಳ ಬಲ ಮೊಣಕಾಲಿನ ಚಿಪ್ಪು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಮುಂಬದಿಯ ನಡುವೆ ಕೂರಬೇಕಾದದ್ದು ಹೊರಬದಿಗೆ ಜಾರಿ ಅಲ್ಲೇ ತಳವೂರಿತ್ತು. ಇದು ನಮಗೆ ಗೊತ್ತಾಗಲು ಎರಡೂವರೆ ವರ್ಷ ಹಿಡಿಯಿತು. ಒಂಬತ್ತನೇ ದಿನಕ್ಕೇ ಗೊತ್ತಾಗಬಹುದಿತ್ತು. ನಡುವಿನ ಕಾಲದಲ್ಲಿ ನಾವು ಮಾಡಿದ ಮುಖ್ಯ ಕೆಲಸವೆಂದರೆ ಒಬ್ಬ ವಯಸ್ಸಾದ ಹೆಂಗಸನ್ನು ದೂರಿದ್ದು, ಅದರಲ್ಲಿ ಸಿಂಹಪಾಲು ನನ್ನ ಬಾಯಿಯದು.

ಸಾನ್ವಿಗೆ ಈಗ ಐದು ವರ್ಷ. ನಾನು ಬೈಂದೂರಿನ ಹತ್ತಿರ ಒಂದು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಒಬ್ಬ ಎಳೆಯ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಕಪಾಟಿನ ಮುಂದೆ ನಿಂತಳು. ಪುಸ್ತಕಕ್ಕೆ ಬಂದವಳಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಮಗುವಿನ ಪಾದ ಒಳಕ್ಕೆ ತಿರುಗಿತ್ತು. ಕೊನೆಗೆ ಅವಳು ಕೇಳಿದಳು, "ಅಕ್ಕ, ನಿಮ್ ಹೆಣ್ಣಿನ್ ಕಾಲಿಗೆ ಆಪರೇಶನ್ ಮಾಡ್ಸಿರಿ ಅಂಬ್ರ್. ತುಂಬ ಮರ್ಕಿತಾ?"

ಬಹಳ ಅತ್ತಳೇ ಎಂದು ಅವಳು ಕೇಳಿದ್ದು. ಹೌದು, ಅತ್ತಳು, ಈಗ ಓಡುತ್ತಾಳೆ ಎಂದೆ. ಅವಳು ಹೋದ ಮೇಲೆ, ಅಷ್ಟು ಹೇಳಿದ್ದು ಸಾಲದು ಅನ್ನಿಸಿತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದು ಓದುತ್ತಾ ಹೋದರೆ ತಿಳಿಯುತ್ತದೆ.

ನನ್ನ ತವರು ಬ್ರಹ್ಮಾವರದಿಂದ ಸ್ವಲ್ಪ ಒಳಗೆ. ಚೊಚ್ಚಲ ಬಾಣಂತನ ಅಲ್ಲೇ ಆಯಿತು. ಹೆರಿಗೆ ಆಸ್ಪತ್ರೆಯಲ್ಲಾದರೂ ಕೂಸನ್ನು ಮೀಸುವುದಕ್ಕೆ, ಅಂದರೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸುವುದಕ್ಕೆ, ನಮ್ಮ ಕಡೆ ಕೈ ಪಳಗಿದ ಹೆಂಗಸೇ ಬೇಕು. ನಮ್ಮ ಸುತ್ತಲಿನ ಮನೆಗಳಿಗೆಲ್ಲ ಆ ಕೈ ಮುತ್ತಕ್ಕನದು. ನನ್ನನ್ನು ಮೀಸಿದವರೂ ಅವರೇ. ಅರವತ್ತು ದಾಟಿದ ಸಪೂರ ಹೆಂಗಸು. ಗಂಡ ತೀರಿಕೊಂಡಿದ್ದರು, ಮಗ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಬೆಳಿಗ್ಗೆ ಬಂದವರೇ ಹಂಡೆಯ ನೀರಿಗೆ ಮೊಣಕೈ ಅದ್ದಿ ಹದ ನೋಡುತ್ತಿದ್ದರು. ಸೀರೆ ಎತ್ತಿ ಕಟ್ಟಿ ಬಚ್ಚಲುಮನೆಯ ನೆಲದ ಮೇಲೆ ಎರಡೂ ಕಾಲು ನೀಡಿ ಕೂತು, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡರೆಂದರೆ ಅದು ಅಳುವುದೇ ಮರೆಯುತ್ತಿತ್ತು. ಕೊಬ್ಬರಿ ಎಣ್ಣೆ ತಿಕ್ಕಿ, ಕೈಕಾಲು ಮಡಚಿ ಬಿಡಿಸಿ, ಬಲಗೈಯನ್ನು ಎಡಗಾಲಿಗೆ ಮುಟ್ಟಿಸಿ, ಮಗುಚಿ ಹಾಕಿ ಬೆನ್ನಿಗೆ ಬಿಸಿನೀರು ಹೊಯ್ಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ನಾಜೂಕಿನ ಕೆಲಸವನ್ನು ಅಷ್ಟು ಗಡಸು ಬೆರಳುಗಳು ಹೇಗೆ ಮಾಡುತ್ತವೆ ಎಂದು ನನಗೆ ಆಶ್ಚರ್ಯ.

ಒಂಬತ್ತನೇ ದಿನ ಅವರ ಕೈ ನಿಂತಿತು.

"ಹೆಣೆ, ಈ ಬದಿ ಕಾಲ್ ಸಮ ನೆಟ್ಟಗಾತಿಲ್ಲ, ಕಾಣ್."

ಅಮ್ಮ ಒಳಗಿಂದಲೇ, "ಹೊಟ್ಟಿಯೊಳ್ಗ್ ಮಡ್ಚಿಕಂಡ್ ಇದ್ದದ್ದಲ್ದಾ ಮುತ್ತಕ್ಕ, ಸಮ ಆತ್ತ್" ಎಂದರು.

"ಅದ್ ನಂಗೊತ್ತಿತ್ತ್. ಎಲ್ಲ ಮಕ್ಕಳ್ದೂ ಹಾಂಗೇ. ಇದ್ ಹಾಂಗಲ್ಲ. ಒಳ್ಗೆ ಎಂತದೋ ತಡಿತ್ತ್."

ಆಮೇಲೆ ದಿನಾ ಆ ಕಾಲಿನ ಮೇಲೆ ಅವರ ಬೆರಳು ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ನಲವತ್ತನೇ ದಿನ ಸೀರೆ, ರವಿಕೆಕಣ ತೆಗೆದುಕೊಂಡು ಹೊರಡುವಾಗಲೂ ಅದನ್ನೇ ಹೇಳಿದರು, "ಡಾಕ್ಟ್ರಿಗೊಂದ್ಸಲ ತೋರ್ಸ್ ಹೆಣೆ. ಮರಿಬೇಡ."

ಚುಚ್ಚುಮದ್ದಿಗೆ ಹೋದಾಗ ಡಾಕ್ಟರರನ್ನು ಕೇಳಿದೆ. ಎಳೆ ಮಕ್ಕಳ ಮೊಣಕಾಲು ಹಾಗೇ ಇರುತ್ತದೆ, ಸ್ವಲ್ಪ ಸಮಯ ನೋಡುವ ಎಂದರು. ಅವರನ್ನು ದೂರುವುದಿಲ್ಲ. ನಾನು ಕೇಳಿದ್ದೇ ಬಾಗಿಲ ಹತ್ತಿರ, ಒಂದು ಕಾಲು ಹೊರಗಿಟ್ಟು, ಬಸ್ಸಿನ ಗಡಿಬಿಡಿಯಲ್ಲಿ.

ಮೂರನೇ ತಿಂಗಳು ಬೈಂದೂರಿನ ಗಂಡನ ಮನೆಗೆ ಬಂದೆ. ನಮ್ಮವರದು ಮೀನಿನ ವಾಹನ, ಗಂಗೊಳ್ಳಿ ಬಂದರಿನಿಂದ ಮೀನು ತುಂಬಿಸಿಕೊಂಡು ಊರೂರಿಗೆ ಹೋಗುವ ಕೆಲಸ. ಮನೆಯಲ್ಲಿ ಅತ್ತೆ. ಅತ್ತೆಗೆ ಸಾನ್ವಿ ಮೊದಲ ಮೊಮ್ಮಗಳು, ಅವಳನ್ನು ನೆಲಕ್ಕೆ ಬಿಡುತ್ತಲೇ ಇರಲಿಲ್ಲ. ಹಾಗಾಗಿ ಅವಳು ತಡವಾಗಿ ಅಂಬೆಗಾಲಿಟ್ಟಾಗ ನಾನು ಅತ್ತೆಯ ಮುದ್ದನ್ನೇ ದೂರಿದೆ. ಅಂಬೆಗಾಲಿಡುವಾಗ ಬಲಗಾಲು ಹಿಂದಿನಿಂದ ಎಳೆದುಕೊಂಡು ಬರುತ್ತಿತ್ತು. ಒಂದೂವರೆ ವರ್ಷಕ್ಕೆ ಗೋಡೆ ಹಿಡಿದು ನಿಂತಳು, ಆದರೆ ಮೊಣಕಾಲು ಮಡಚಿಯೇ ಇತ್ತು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಆಮೇಲೆ ತಾನೇ ಒಂದು ಉಪಾಯ ಕಂಡುಕೊಂಡಳು. ಬಲಗೈಯಿಂದ ಬಲತೊಡೆಯನ್ನು ಒತ್ತಿ ಹಿಡಿದು ಹೆಜ್ಜೆ ಹಾಕುವುದು. ನಾಲ್ಕು ಹೆಜ್ಜೆಗೊಮ್ಮೆ ಬೀಳುವುದು. ಬಿದ್ದರೆ ಅಳುತ್ತಿರಲಿಲ್ಲ, ಅಭ್ಯಾಸವಾಗಿತ್ತು.

ಒಂದು ದಿನ ಅತ್ತೆ ತೀರ್ಪು ಕೊಟ್ಟರು. "ಇದ್ ಮೀಸುವತಿಗೆ ಎಳ್ದದ್ದೇ. ನಿಮ್ಮಲ್ಲಿನ ಆ ಹೆಂಗ್ಸ್ ಎಳ್ದ್ ಎಳ್ದ್ ಕೂಸಿನ್ ಕಾಲ್ ಹಾಳ್ ಮಾಡಿತ್."

ಕೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ನಾಚಿಕೆಯ ಮಾತು, ಆದರೆ ನಿಜ. ಅಲ್ಲಿಯವರೆಗೆ ನಾನು ನನ್ನದೇ ತಪ್ಪು ಹುಡುಕುತ್ತಿದ್ದೆ. ಬಸುರಿಯಿರುವಾಗ ಸ್ಕೂಟರಿನಲ್ಲಿ ಓಡಾಡಿದ್ದೋ, ಮೇಲಿನ ಕಪಾಟಿಗೆ ಕೈ ಚಾಚಿದ್ದೋ ಎಂದು. ಈಗ ತಪ್ಪಿಗೊಂದು ಮುಖ ಸಿಕ್ಕಿತು. ಆ ಮುಖಕ್ಕೆ ಬೈಯುವ ಅವಕಾಶವೂ ಬೇಗ ಸಿಕ್ಕಿತು. ಬ್ರಹ್ಮಾವರದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಊಟ ಮುಗಿಸಿ ಕೈ ತೊಳೆಯುವ ಜಾಗದಲ್ಲಿ ಮುತ್ತಕ್ಕ ಎದುರಾದರು. ಸಾನ್ವಿಯನ್ನು ಕಂಡವರೇ ಕೈ ಒರೆಸಿಕೊಂಡು ಅವಳ ಕಾಲಿನ ಕಡೆ ಬಗ್ಗಿದರು.

"ಮುಟ್ಬೇಡಿ" ಎಂದೆ. "ನೀವ್ ಎಳ್ದದ್ ಸಾಕ್. ನನ್ ಹೆಣ್ಣಿನ್ ಕಾಲ್ ಹಾಳ್ ಮಾಡಿದ್ದ್ ನೀವೇ."

ಸುತ್ತ ಹತ್ತಿಪ್ಪತ್ತು ಜನ ಇದ್ದರು. ಮುತ್ತಕ್ಕನ ಮುಖ ಬಿಳಿಚಿಕೊಂಡಿತು. ತಿರುಗಿ ಬೈಯಲಿಲ್ಲ. ಬಗ್ಗಿದ್ದವರು ನೆಟ್ಟಗಾಗಿ ಹೇಳಿದರು, "ನಾನ್ ಎಳ್ದಿದ್ರೆ ಎಳ್ದದ್ದೇ, ಹೆಣೆ. ಈಗ ಡಾಕ್ಟ್ರಿಗೆ ತೋರ್ಸಿದ್ಯಾ?"

ನಾನು ಮಗಳನ್ನು ಎತ್ತಿಕೊಂಡು ಹೊರಟುಬಿಟ್ಟೆ. ಮದುವೆಮನೆಯ ಮಾತು ಊಟದವರ ಜೊತೆಗೇ ಎಲ್ಲ ಮನೆಗಳಿಗೆ ಹೋಯಿತು. ಮುತ್ತಕ್ಕನನ್ನು ಮೀಸುವುದಕ್ಕೆ ಕರೆಯುವುದನ್ನು ಒಬ್ಬೊಬ್ಬರೇ ಬಿಟ್ಟರೆಂದು ಅಮ್ಮ ಫೋನಿನಲ್ಲಿ ಹೇಳಿದಾಗ, ನಾನು ಮೀನಿನ ರೇಟಿನ ವಿಷಯ ತೆಗೆದು ಮಾತು ಬದಲಿಸಿದೆ.

ಮೀಸುವಾಗ ಎಳೆದದ್ದು ಎಂದು ಗಟ್ಟಿಯಾದ ಮೇಲೆ ಅದು ಉಳುಕು ಎಂದಾಯಿತು. ಉಳುಕು ಎಂದಾದ ಮೇಲೆ ಡಾಕ್ಟರು ಯಾಕೆ? ಸಿದ್ದಾಪುರದ ಕಡೆ ಉಳುಕು ತೆಗೆಯುವ ಒಬ್ಬರಿದ್ದಾರೆಂದು ಅಲ್ಲಿಗೆ ಹೋದೆವು. ಸೊಪ್ಪು ಅರೆದು ಕಟ್ಟಿದರು, ತಿಂಗಳು ಬಿಟ್ಟು ಮತ್ತೆ ಕಟ್ಟಿದರು. ಮೂರನೇ ಸಲ ಹೋದಾಗ ಅವರು ಪಟ್ಟಿ ಬಿಚ್ಚಿ, ಮೊಣಕಾಲನ್ನು ಬಹಳ ಹೊತ್ತು ನೋಡಿ, "ಇದ್ ಉಳ್ಕಲ್ಲ. ನಾನ್ ಇನ್ನ್ ಕಟ್ಟುದಿಲ್ಲ. ಕುಂದಾಪುರಕ್ಕೆ ಹೋಯ್ನಿ, ಎಲುಬಿನ್ ಡಾಕ್ಟ್ರಿಗೆ ತೋರ್ಸಿ" ಎಂದರು. ತನಗೆ ಗೊತ್ತಿಲ್ಲವೆಂದು ಹೇಳಿ ಬಂದವರನ್ನು ಕಳಿಸಿಕೊಡುವುದು ಸಣ್ಣ ಮಾತಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ.

ಕುಂದಾಪುರದ ಡಾಕ್ಟರು ಎಕ್ಸರೇ ತೆಗೆಸಿದರು. ದೀಪದ ಮುಂದೆ ಹಿಡಿದ ಹಾಳೆಯನ್ನು ನಮ್ಮವರು ಬಗ್ಗಿ ನೋಡಿದರು. ಅವರು ದೊಡ್ಡ ದನಿಯ ಮನುಷ್ಯ, ಬಂದರಿನಲ್ಲಿ ಕೂಗಿ ಕೂಗಿ ಬಂದದ್ದು. "ಹ್ವಾಯ್ ಡಾಕ್ಟ್ರೆ, ಎರಡೂ ಕಾಲಂಗೆ ಚಿಪ್ಪೇ ಇಲ್ಯಲೆ!" ಎಂದು ಕೂಗಿದ್ದು ಹೊರಗೆ ಕೂತವರಿಗೂ ಕೇಳಿತು.

ಡಾಕ್ಟರು ನಕ್ಕರು. "ಇಷ್ಟು ಸಣ್ಣ ಮಕ್ಕಳಲ್ಲಿ ಅದು ಇನ್ನೂ ಎಲುಬಾಗಿರುದಿಲ್ಲ ಮಾರಾಯ್ರೆ. ಮೆತ್ತಗೆ ಇರ್ತದೆ, ಎಕ್ಸರೇಯಲ್ಲಿ ಬರುದಿಲ್ಲ." ಆಮೇಲೆ ನಗು ನಿಲ್ಲಿಸಿ ನನ್ನ ಹೆಬ್ಬೆರಳು ಹಿಡಿದು ಸಾನ್ವಿಯ ಎಡ ಮೊಣಕಾಲಿನ ಮೇಲಿಟ್ಟರು. ಅಲ್ಲಿ ಗುಂಡಗೆ ಏನೋ ಸಿಕ್ಕಿತು. ಬಲ ಮೊಣಕಾಲಿನ ಮೇಲಿಟ್ಟರು. ಏನೂ ಇಲ್ಲ, ತಗ್ಗು. ನಿಧಾನಕ್ಕೆ ಬೆರಳನ್ನು ಹೊರಬದಿಗೆ ಸರಿಸಿದರು. ಅಲ್ಲಿತ್ತು, ಎಡಗಾಲಿನದಕ್ಕಿಂತ ಚಿಕ್ಕದು. ಎರಡೂವರೆ ವರ್ಷ ದಿನಾ ಎಣ್ಣೆ ಹಚ್ಚಿದ ಕಾಲು, ನನ್ನ ಬೆರಳು ಒಂದು ದಿನವೂ ಅಲ್ಲಿ ನಿಂತಿರಲಿಲ್ಲ.

ಅವರು ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ, ಮಕ್ಕಳ ಎಲುಬಿನ ಸರ್ಜನ್ ಹತ್ತಿರ ಕಳಿಸಿದರು. ಅಲ್ಲಿನ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಗೋಡೆಗೆ ಆನೆ, ಜಿರಾಫೆ. ಕುರ್ಚಿಗಳ ತುಂಬ ನಮ್ಮಂಥವರು. ಹೊಸಬರು ಒಳಗೆ ಬಂದರೆ ಎಲ್ಲರ ಕಣ್ಣೂ ಮೊದಲು ಮಗುವಿನ ಕಾಲಿಗೆ, ಆಮೇಲೆ ತಾಯಿಯ ಮುಖಕ್ಕೆ. ಅದುವರೆಗೆ ಸಾನ್ವಿಯ ಕಾಲನ್ನು ಯಾರು ನೋಡಿದರೂ ನನಗೆ ಮೈ ಉರಿಯುತ್ತಿತ್ತು. ಅಲ್ಲಿ ಉರಿಯಲಿಲ್ಲ. ಪಕ್ಕದ ಹೆಂಗಸು ಕೇಳದೆಯೇ ಅರ್ಧ ಬನ್ಸ್ ಮುರಿದು ಸಾನ್ವಿಗೆ ಕೊಟ್ಟು, "ಎರಡನೇ ಸಲ ಬಪ್ಪತಿಗೆ ಇಷ್ಟ್ ಹೆದ್ರಿಕಿ ಆತಿಲ್ಲ" ಎಂದು ನನಗೆ ಹೇಳಿದರು.

ಸರ್ಜನ್ ಒಬ್ಬ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಸಾನ್ವಿಯನ್ನು ಮೇಜಿನ ಮೇಲೆ ಮಲಗಿಸಲಿಲ್ಲ, ತಾವೇ ನೆಲದ ಚಾಪೆ ಮೇಲೆ ಕೂತು ಚೆಂಡು ಉರುಳಿಸುತ್ತಾ ಅವಳ ಕಾಲು ನೋಡಿದರು. ಸ್ಕ್ಯಾನ್ ಆದ ಮೇಲೆ ಕಾಗದದಲ್ಲಿ ಚಿತ್ರ ಬರೆದು ತಿಳಿಸಿದರು. ನನಗೆ ಅರ್ಥವಾದದ್ದು ರವಿಕೆ ಸರಿಮಾಡುವ ಲೆಕ್ಕದಲ್ಲಿ. ಹೊರಬದಿ ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವುದು, ಚಿಪ್ಪನ್ನು ನಡುವಿಗೆ ತರುವುದು, ಒಳಬದಿಯನ್ನು ಬಿಗಿಗೊಳಿಸಿ ಹೊಲಿಯುವುದು. ಬಿಟ್ಟರೆ ಮೊಣಕಾಲು ವರ್ಷದಿಂದ ವರ್ಷಕ್ಕೆ ಹೆಚ್ಚು ಸೊಟ್ಟಗಾಗುತ್ತದೆ ಎಂದರು.

ನನ್ನ ಪ್ರಶ್ನೆ ಒಂದೇ ಇತ್ತು. "ಮೀಸುವಾಗ ಎಳೆದದ್ದಕ್ಕೆ ಹೀಗಾಯಿತಾ ಡಾಕ್ಟ್ರೆ?"

"ಇಲ್ಲ. ಇದು ಹೊಟ್ಟೆಯಲ್ಲಿರುವಾಗಲೇ ಆದದ್ದು. ಯಾರು ಎಳೆದರೂ ಹೀಗಾಗುವುದಿಲ್ಲ. ನಿಮ್ಮದೂ ತಪ್ಪಲ್ಲ, ಯಾರದ್ದೂ ಅಲ್ಲ." ಆಮೇಲೆ ಕೇಳಿದರು, "ಕಾಲು ನೆಟ್ಟಗಾಗುವುದಿಲ್ಲ ಅಂತ ಮೊದಲು ಗೊತ್ತಾದದ್ದು ಯಾವಾಗ?"

"ಒಂಬತ್ತನೇ ದಿನ. ಮೀಸುವವರು ಹೇಳಿದ್ದರು. ಒಳಗೆ ಏನೋ ತಡೆಯುತ್ತದೆ ಅಂತ."

ಅವರು ಪೆನ್ನು ಕೆಳಗಿಟ್ಟರು. "ಒಂಬತ್ತನೇ ದಿನ? ಬರೀ ಕೈಯಲ್ಲಿ?" ಎಂದು ಕೇಳಿ, ಪಕ್ಕದಲ್ಲಿ ನಿಂತಿದ್ದ ಕಲಿಯುವ ಡಾಕ್ಟರರ ಕಡೆ ತಿರುಗಿ, "ನೀವೂ ಹಾಗೆ ಮುಟ್ಟಿ ನೋಡುವುದು ಕಲಿಯಬೇಕು" ಎಂದರು. ನನ್ನ ಕಿವಿ ಬಿಸಿಯಾಯಿತು.

ವಾಪಸ್ ಬರುವ ಬಸ್ಸಿನಲ್ಲಿ, ನಮ್ಮ ಜೊತೆ ಬಂದಿದ್ದ ಅತ್ತೆ ಬ್ರಹ್ಮಾವರ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಕುಂಭಾಶಿಯಲ್ಲಿ ಬಸ್ಸು ನಿಂತಾಗ ಆನೆಗುಡ್ಡೆ ದೇವಸ್ಥಾನದ ಕಡೆ ಕೈ ಮುಗಿದು, ಆಮೇಲೆ ನನ್ನ ಕಡೆ ತಿರುಗಿದರು. "ಹಾಂಗಾರೆ ಆ ಹೆಂಗ್ಸಿಗೆ ನಾವ್ ಎಂತ ಹೇಳುದ್?"

"ಆಪರೇಶನ್ ಮುಗಿಲಿ ಅತ್ತೆ" ಎಂದೆ. ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಅಮ್ಮನಿಗೆ ಹೇಳಿದ್ದರೂ ಆಗುತ್ತಿತ್ತು. ಮಾಡಲಿಲ್ಲ, ಹೇಳಲಿಲ್ಲ. ಮಗಳ ಚಿಂತೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೆಂದರೆ ಆ ಮುಖವನ್ನು ಎದುರಿಸುವ ಧೈರ್ಯ ನನಗಿರಲಿಲ್ಲ.

ಆಪರೇಶನ್ ಆದದ್ದು ಎರಡು ತಿಂಗಳು ಬಿಟ್ಟು. ಆ ದಿನ ಬೆಳಿಗ್ಗೆಯಿಂದ ಅವಳಿಗೆ ಏನೂ ಕೊಡುವ ಹಾಗಿರಲಿಲ್ಲ. "ದೋಸಿ ಕೊಡ್" ಎಂದು ಒಂದೇ ಸಮ ಕೇಳುತ್ತಿದ್ದಳು. ಕೊನೆಗೆ ನಮ್ಮವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ದೋಸೆ ಕಣ್ಣಿಗೆ ಬೀಳದ ಜಾಗಗಳಲ್ಲೆಲ್ಲ ತಿರುಗಾಡಿಸಿದರು. ಥಿಯೇಟರಿನ ಬಾಗಿಲಲ್ಲಿ ಒಬ್ಬ ನರ್ಸ್ ನನಗೂ ಹಸಿರು ಅಂಗಿ ತೊಡಿಸಿ, "ನಿದ್ರೆ ಬರುವವರೆಗೆ ನೀವೇ ಹಿಡ್ಕೊಳ್ಳಿ" ಎಂದು ಒಳಗೆ ಬಿಟ್ಟರು. ಮಗಳು ನನ್ನ ಬೆರಳು ಹಿಡಿದೇ ನಿದ್ದೆಹೋದಳು. ಆ ನರ್ಸಿನ ಹೆಸರು ಕೇಳಲಿಲ್ಲ, ಅವರನ್ನು ನೆನೆಯದ ದಿನ ಕಡಿಮೆ.

ಹೊರಗೆ ಮೂರು ಗಂಟೆ ಕಾದೆವು. ನಮ್ಮವರು ಮೆಟ್ಟಿಲು ಇಳಿದು ಹತ್ತಿ ಮಾಡುತ್ತಿದ್ದರು, ಕೊನೆಗೆ ಸೆಕ್ಯುರಿಟಿಯವರೇ ಕರೆದು ಕೂರಿಸಿದರು. ಬಾಗಿಲು ತೆರೆದು ಸರ್ಜನ್ ಬಂದಾಗ ಅವರ ಕೆನ್ನೆಯ ಮೇಲೆ ಮಾಸ್ಕಿನ ಗೆರೆ ಮೂಡಿತ್ತು. ನಿಂತು ಹೇಳಿ ಹೋಗಲಿಲ್ಲ, ನಮ್ಮ ಬೆಂಚಿನಲ್ಲೇ, ಅತ್ತೆಯ ಪಕ್ಕ ಕೂತರು.

"ಚಿಪ್ಪು ಜಾಗಕ್ಕೆ ಬಂದಿದೆ. ಮಡಚಿದರೂ ಜಾರುವುದಿಲ್ಲ, ನೋಡಿದೆ. ನನ್ನ ಅರ್ಧ ಮುಗಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಉಳಿದ ಅರ್ಧ ನಿಮ್ಮದು."

ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ. ಅವರಿಗೆ ಇನ್ನೊಂದು ಮಗು ಕಾಯುತ್ತಿತ್ತು, ಆದರೂ ಅಳು ಮುಗಿಯುವವರೆಗೆ ಕೈ ಬಿಡಿಸಿಕೊಳ್ಳಲಿಲ್ಲ.

ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್. ವಾರ್ಡಿನ ಆಯಾ ಅದರ ತುದಿಗೆ ಕಣ್ಣು, ಮೂಗು, ಮೀಸೆ ಬರೆದುಕೊಟ್ಟರು. ಸಾನ್ವಿ ಅದನ್ನು ತಮ್ಮ ಎಂದು ಕರೆದಳು. ಆರು ವಾರ ತಮ್ಮನಿಗೂ ಒಂದು ತುತ್ತು ತೋರಿಸದೆ ಊಟ ಮಾಡಲಿಲ್ಲ. ಆ ಆರು ವಾರ ಕಷ್ಟ ಎಂದುಕೊಂಡಿದ್ದೆವು. ಕಷ್ಟ ಇದ್ದದ್ದು ಆಮೇಲೆ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ನೆಟ್ಟಗಿತ್ತು, ಸಪೂರವಾಗಿತ್ತು, ಮರದ ತುಂಡಿನ ಹಾಗೆ ಬಿಗಿದಿತ್ತು. ದಿನಾ ಇಷ್ಟಿಷ್ಟೇ ಮಡಚಿಸಬೇಕು. ಕೆಲವು ತಿಂಗಳಲ್ಲಿ ಮಡಚದೇ ಹೋದರೆ ಹಾಗೇ ಬಿಗಿದು ಉಳಿಯಬಹುದು ಎಂದಿದ್ದರು. ಕುಂದಾಪುರದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಬಹಳ ಒಳ್ಳೆಯವಳು, ಗೊಂಬೆ ಹಾಡು ಎಲ್ಲ ಇತ್ತು. ಆದರೆ ಸಾನ್ವಿ ಆ ಕಟ್ಟಡದ ಗೇಟು ಕಂಡರೇ ಕಿರುಚುತ್ತಿದ್ದಳು. ಮನೆಯಲ್ಲಿ ನಾನು ಮಾಡಿಸಬೇಕಾದ ವ್ಯಾಯಾಮಕ್ಕೆ ಅವಳ ಕಾಲು ಹಿಡಿದರೆ, "ಅಮ್ಮ ಬ್ಯಾಡ, ಅಮ್ಮ ಬ್ಯಾಡ" ಎನ್ನುತ್ತಿದ್ದಳು. ನನ್ನ ಕೈ ತಾನಾಗಿಯೇ ಬಿಟ್ಟುಬಿಡುತ್ತಿತ್ತು. ಎರಡು ವಾರ ಕಳೆದರೂ ಮೊಣಕಾಲು ಹೆಚ್ಚು ಕದಲಲಿಲ್ಲ. ಚಿಪ್ಪು ಜಾಗಕ್ಕೆ ಬಂದೂ ಕಾಲು ಸೋಲುತ್ತದೆ, ಅದೂ ನನ್ನ ಕೈಯ ಹೇಡಿತನಕ್ಕೆ ಎಂದು ಹೆದರಿದೆ.

ಒಂದು ಬೆಳಿಗ್ಗೆ ಅತ್ತೆ ಸೀರೆ ಉಟ್ಟು ತಯಾರಾಗಿ ನಿಂತಿದ್ದರು. "ಹೆರ್ಡ್. ಬ್ರಹ್ಮಾವರಕ್ಕೆ ಹೋಪ. ನಿನ್ ಕೈಯಂಗ್ ಆತಿಲ್ಲ, ನನ್ ಕೈಯಂಗೂ ಆತಿಲ್ಲ. ಆತ್ತಾರೆ ಅವ್ರ್ ಕೈಯಂಗೇ."

ಮುತ್ತಕ್ಕ ಮನೆಯ ಜಗಲಿಯಲ್ಲಿ ಕೂತಿದ್ದರು. ಮೀಸುವ ಕರೆ ನಿಂತ ಮೇಲೆ ಗೇರುಬೀಜದ ಕಾರ್ಖಾನೆಗೆ ಬೀಜ ಒಡೆಯಲು ಹೋಗುತ್ತಿದ್ದರಂತೆ. ಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳುಗಳು ಕಪ್ಪಾಗಿ ಸುಲಿದಿದ್ದವು. ನಮ್ಮನ್ನು ಕಂಡು ಎದ್ದು ನಿಂತರು, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಮೊದಲು ಕೇಳಿದ್ದು, "ಹೆಣ್ಣಿನ್ ಕಾಲ್ ಹ್ಯಾಂಗಿತ್ತ್?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಸರ್ಜನ್ ಹೇಳಿದ್ದಕ್ಕೆ ಬಂದಾಗ ಅವರು ತಡೆದರು.

"ಎಂತ ಹೇಳ್ರ್ ಅಂದೆ?"

"ಹೊಟ್ಟೆಯಲ್ಲಿ ಇಪ್ಪತಿಗೇ ಆದದ್ದ್ ಅಂಬ್ರ್, ಮುತ್ತಕ್ಕ. ಮೀಸಿದ್ದಕ್ಕಲ್ಲ."

"ಇನ್ನೊಂದ್ಸಲ ಹೇಳ್."

ಹೇಳಿದೆ.

"ಎಳ್ದ್ರೂ ಹಾಂಗ್ ಆತಿಲ್ಲ ಅಂದ್ರಾ? ಅವ್ರ್ ಬಾಯಂಗೇ ಅಂದ್ರಾ?"

"ಹೌದ್ ಮುತ್ತಕ್ಕ. ಅವ್ರೇ ಅಂದ್ರ್."

ಅವರು ಜಗಲಿಯ ಕಂಬ ಹಿಡಿದು ನಿಧಾನಕ್ಕೆ ಕೂತರು. "ನಂಗೊತ್ತಿರ್ಲಿಲ್ಲ ಹೆಣೆ" ಎಂದರು. "ನೀ ಬೈದ್ ಹೋದ್ಮೇಲೆ ನಂಗೂ ಹಾಂಗೇ ಕಂಡಿತ್. ನಾನೇ ಎಳ್ದದ್ದಾ, ಯಾವ ದಿನ ಎಳ್ದದ್ದಾ, ಅಂದ್ಹೇಳಿ. ಮನ್ಸೊಳ್ಗೆ ನಿನ್ ಕೂಸಿನ್ನ ಎಷ್ಟ್ ಸಲ ತಿರ್ಗಿ ಮೀಸಿದ್ದೆ, ಗೊತ್ತಿತ್ತಾ?"

ಮದುವೆಮನೆಯಲ್ಲಿ ಅವರು ತಿರುಗಿ ಮಾತಾಡದೇ ಇದ್ದದ್ದು ತಾಳ್ಮೆಯಿಂದ ಎಂದು ನಾನು ತಿಳಿದಿದ್ದೆ. ತಾಳ್ಮೆ ಅಲ್ಲ. ಅವರು ನನ್ನ ಮಾತನ್ನು ನಂಬಿದ್ದರು. ಅವರನ್ನು ಬಿಡುಗಡೆ ಮಾಡುವ ಮಾತು ನಾಲ್ಕು ತಿಂಗಳಿನಿಂದ ನನ್ನ ಹತ್ತಿರ ಇತ್ತು. ನನಗೆ ಅವರ ಕೈ ಬೇಕಾಗುವವರೆಗೆ ನಾನು ಅದನ್ನು ಕೊಟ್ಟಿರಲಿಲ್ಲ. ನನ್ನ ಜೀವನದಲ್ಲಿ ಇದಕ್ಕಿಂತ ನಾಚಿಕೆಪಟ್ಟ ಗಳಿಗೆ ಇನ್ನೊಂದಿಲ್ಲ. ಅತ್ತೆಯೇ ಅವರ ಪಕ್ಕ ಕೂತು, ಸೆರಗಿನೊಳಗಿದ್ದ ಕೈಯನ್ನು ಹೊರಗೆ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ತಪ್ಪ್ ನಮ್ದ್. ಮೊದ್ಲ್ ಹೇಳಿದ್ದ್ ನಾನ್" ಎಂದರು. ಅತ್ತೆ ಯಾರಲ್ಲಾದರೂ ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬರುತ್ತೀರಾ ಎಂದು ಕೇಳುವ ಮೊದಲೇ ಮುತ್ತಕ್ಕ ಒಪ್ಪಿದ್ದರು, ಆದರೆ ಎರಡು ಷರತ್ತು ಹಾಕಿದರು. ಒಂದು, ಬೆರಳಿನ ಚರ್ಮ ಸರಿಯಾಗುವವರೆಗೆ ಹತ್ತು ದಿನ ಮಗುವನ್ನು ಮುಟ್ಟುವುದಿಲ್ಲ. ಎರಡು, "ಆ ವ್ಯಾಯಾಮದ್ ಹೆಣ್ಣ್ ಹತ್ರ ನಾನೇ ಕೇಳ್ಕ್. ಅವ್ರ್ ಎಷ್ಟ್ ಅಂದ್ರೆ ಅಷ್ಟೇ. ಒಂದ್ ಬೆರ್ಳ್ ಹೆಚ್ಚಿಲ್ಲ, ಒಂದ್ ಬೆರ್ಳ್ ಕಮ್ಮಿ ಇಲ್ಲ."

ಆ ಹತ್ತು ದಿನ ಅವರು ಬ್ರಹ್ಮಾವರದಿಂದ ಬಸ್ಸು ಹತ್ತಿ ಕುಂದಾಪುರಕ್ಕೆ ಬಂದು, ಫಿಸಿಯೋಥೆರಪಿಯ ಕೋಣೆಯ ಮೂಲೆಯಲ್ಲಿ ಕೂತು ನೋಡಿದರು. ಮೊಮ್ಮಗಳ ವಯಸ್ಸಿನ ಆ ಹುಡುಗಿಯನ್ನು "ಮೇಡಂ" ಎಂದೇ ಕರೆದರು. ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು, ಗಾಯದ ಗೆರೆಗೆ ಎಣ್ಣೆ ಯಾವಾಗಿನಿಂದ ಆಗಬಹುದು, ನೋವು ಎಷ್ಟಾದರೆ ನಿಲ್ಲಿಸಬೇಕು, ಎಲ್ಲ ಕೇಳಿ ತಿಳಿದುಕೊಂಡರು. ಅಷ್ಟು ಮಕ್ಕಳನ್ನು ಮೀಸಿದ ಹೆಂಗಸು ನನಗೆ ಗೊತ್ತಿದೆ ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಆ ಹುಡುಗಿಯೇ ಕೊನೆಗೆ ಇವರ ಕೈಯನ್ನು ನೋಡಿ ಕಲಿಯತೊಡಗಿದಳು.

ಆಮೇಲೆ ನಮ್ಮ ಮನೆಗೆ ಬಂದು ಎರಡು ತಿಂಗಳು ನಿಂತರು. ಅತ್ತೆಯ ಕೋಣೆಯಲ್ಲೇ ಮಲಗುತ್ತಿದ್ದರು. ಇಬ್ಬರಿಗೂ ಮೀನುಸಾರಿನ ಹುಳಿಯ ವಿಷಯದಲ್ಲಿ ದಿನಾ ಜಗಳ. ಬೆಳಿಗ್ಗೆ ಮಾತ್ರ ಬಚ್ಚಲುಮನೆ ಮುತ್ತಕ್ಕನದು. ಮೂರು ವರ್ಷ ಆಗುತ್ತಾ ಬಂದ ಹುಡುಗಿಯನ್ನು ಕಾಲು ನೀಡಿ ತಮ್ಮ ಕಾಲ ಮೇಲೆ ಕೂರಿಸಿಕೊಂಡು ಬಿಸಿನೀರು ಹೊಯ್ಯುತ್ತಾ, ತಮ್ಮ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಯಾರ ಮನೆಯ ದನ ಯಾರ ಬೇಲಿ ಹಾರಿತು, ಯಾವ ಕೋಳಿ ಎಲ್ಲಿ ಮೊಟ್ಟೆ ಇಟ್ಟಿತು ಎಂದು. ಸಾನ್ವಿ "ಮತ್ತೆ?" ಎನ್ನುವಷ್ಟರಲ್ಲಿ ಕಾಲು ಅವರ ಮೊಣಕಾಲ ಆಚೆಗೆ ಅಷ್ಟೋ ಇಷ್ಟೋ ಮಡಚಿರುತ್ತಿತ್ತು. ನೋವಾದಾಗ ಅಳುತ್ತಿದ್ದಳು, ಅವರ ಸೊಂಟಕ್ಕೆ ಗುದ್ದುತ್ತಿದ್ದಳು. "ಗುದ್ದ್, ಇನ್ನೊಂದ್ ಗುದ್ದ್. ಕೋಳಿ ಸುದ್ದಿ ಬ್ಯಾಡ್ದಾ?" ಎನ್ನುತ್ತಾ ಅವರು ಮೇಡಂ ಹೇಳಿದಷ್ಟು ಆಗುವವರೆಗೆ ಕೈ ಬಿಡುತ್ತಿರಲಿಲ್ಲ, ಆದ ಮೇಲೆ ಒಂದು ಕ್ಷಣವೂ ಹಿಡಿದಿರುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಲಿತೆ. ಅಳು ಕೇಳಿದರೆ ಬಿಟ್ಟುಬಿಡುವುದೇ ಪ್ರೀತಿ ಅಂದುಕೊಂಡಿದ್ದೆ. ಬಿಡದೆ ಹಿಡಿಯುವುದಕ್ಕೂ ಎಷ್ಟು ಪ್ರೀತಿ ಬೇಕೆಂದು ಅಲ್ಲಿ ನೋಡಿದೆ.

ಎರಡು ತಿಂಗಳಲ್ಲಿ ಕುರ್ಚಿಯಲ್ಲಿ ಕೂತು ಕಾಲು ಇಳಿಬಿಡುವಷ್ಟು ಮಡಚಿತು. ಆರು ತಿಂಗಳಿಗೆ ತೊಡೆಯ ಮೇಲಿನ ಕೈ ತೆಗೆದು ನಡೆದಳು. ಮುಂದಿನ ತಪಾಸಣೆಯಲ್ಲಿ ಸರ್ಜನ್ ಕೋನ ಅಳೆದು, ತೃಪ್ತಿಯಿಂದ ತಲೆಯಾಡಿಸಿ, ಪೂರ್ತಿ ಕುಕ್ಕರಗಾಲಲ್ಲಿ ಕೂರಲು ಇನ್ನೂ ಸಮಯ ಬೇಕು, ಕೆಲವರಿಗೆ ಅದು ಬರದೆಯೂ ಇರಬಹುದು ಎಂದರು. ನಾವು ಒಪ್ಪಿಕೊಂಡೆವು. ನಡೆದರೆ ಸಾಕಿತ್ತು.

ಊರಿನ ಬಾಯಿಯನ್ನು ಸರಿಮಾಡುವ ಕೆಲಸ ಅತ್ತೆ ವಹಿಸಿಕೊಂಡರು. ತಾವು ಹೋದ ಮದುವೆ, ಮುಂಜಿ, ಸೀಮಂತದಲ್ಲೆಲ್ಲ, ಕೇಳಿದವರಿಗೂ ಕೇಳದವರಿಗೂ, "ದೊಡ್ಡಾಸ್ಪತ್ರಿ ಡಾಕ್ಟ್ರಮ್ಮನೇ ಹೇಳಿರ್, ಆ ಹೆಂಗ್ಸಿನ್ ಕೈ ಅಂದ್ರೆ ಸ್ಕ್ಯಾನ್ ಇದ್ದಾಂಗೆ ಅಂದ್ಹೇಳಿ" ಎಂದು ಸಾರಿದರು. ಡಾಕ್ಟರು ಹಾಗೆಂದಿರಲಿಲ್ಲ, ನಾನು ತಿದ್ದಲಿಲ್ಲ. ಇಷ್ಟಾದರೂ ಮದುವೆಮನೆಯಲ್ಲಿ ನಾನಾಡಿದ್ದನ್ನು ಕೇಳಿ, ಇದನ್ನು ಇನ್ನೂ ಕೇಳದವರು ಇರಬಹುದು. ನಾನು ಬರೆಯಲು ಇದ್ದ ಎರಡನೇ ಕಾರಣ ಅವರು. ನಾನು ಹೇಳಿದ್ದು ಸುಳ್ಳು. ಮುತ್ತಕ್ಕ ಹೇಳಿದ್ದೇ ನಿಜ.

ಈ ವರ್ಷ ನಮ್ಮವರ ತಂಗಿ ಹೆರಿಗೆಗೆ ಬೈಂದೂರಿಗೆ ಬಂದಳು. ಕೂಸನ್ನು ಮೀಸುವುದಕ್ಕೆ ಅತ್ತೆ ನಮ್ಮೂರಿನ ಯಾರನ್ನೂ ಕೇಳಲಿಲ್ಲ, ಬ್ರಹ್ಮಾವರಕ್ಕೆ ಗಾಡಿ ಕಳಿಸಿ ಮುತ್ತಕ್ಕನನ್ನು ಕರೆಸಿಕೊಂಡರು. ಹೋದ ವಾರ ಒಂದು ಬೆಳಿಗ್ಗೆ ಕೂಸಿನ ಸ್ನಾನ ಮುಗಿಸಿ ಅವರು, "ಸಾನೂ, ಬಾ. ಹಂಡಿಯಂಗ್ ನೀರ್ ಇತ್ತ್. ನಿಂಗೂ ಎಣ್ಣಿ ಹಚ್ಚಿ ಮೀಸ್ತೆ" ಎಂದು ಕರೆದರು. ಸಾನ್ವಿ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದವಳು, ಅವರನ್ನು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುತ್ತಕ್ಕ, ಅತ್ತೆ, ನಾನು ಮೂವರೂ ಹೊರಗೆ ನಿಂತೆವು. ಹಳೆಯ ಹಲಗೆ ಬಾಗಿಲು, ನಡುವೆ ಬಿರುಕಿದೆ. ಅತ್ತೆ ಬಗ್ಗಿ ನೋಡಿದವರು ಮುತ್ತಕ್ಕನನ್ನು ಎಳೆದು ಅಲ್ಲಿ ನಿಲ್ಲಿಸಿದರು. ಮುತ್ತಕ್ಕ ನೋಡಿ ನನಗೆ ಜಾಗ ಬಿಟ್ಟರು. ಒಳಗೆ ಸಾನ್ವಿ ಹಂಡೆಯ ಪಕ್ಕ ಎರಡೂ ಹಿಮ್ಮಡಿ ನೆಲಕ್ಕೂರಿ, ಎರಡೂ ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಮಡಚಿ, ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಳು. ಯಾರೂ ಕೂರಲು ಹೇಳಿರಲಿಲ್ಲ. ಯಾವಾಗ ಕಲಿತಳೋ ನಮಗೆ ಗೊತ್ತೇ ಇರಲಿಲ್ಲ. ನನ್ನ ಕಣ್ಣು ತುಂಬಿ ಬಿರುಕು ಕಾಣದಾಯಿತು.

ಮುತ್ತಕ್ಕನ ಕೈ ಸುಮ್ಮನಿರಲಿಲ್ಲ, ಬಾಗಿಲು ತಟ್ಟಿತು. "ಹೆಣೆ, ಬಾಗ್ಲ್ ತೆಗಿ. ಬೆನ್ನಿಗೊಂದ್ ಚೊಂಬ್ ನೀರ್ ನಾನ್ ಹಾಕ್ತೆ."

ಒಳಗೆ ಚೊಂಬು ಹಂಡೆಗೆ ತಾಗಿದ ಸದ್ದಾಯಿತು.

"ಬ್ಯಾಡ" ಎಂದಳು ಸಾನ್ವಿ. "ನಂಗೇ ಬತ್ತ್."